ಕೊಟ್ಟಿಗೆಹಾರದ ಕುಣಿಯುವ ಕಪ್ಪೆ

ಮಳೆಗಾಲ ಮುಗಿದು ಮಲೆನಾಡಿನ ಹಳ್ಳಗಳ ನೀರು ತಿಳಿಯಾಗುವ ಹೊತ್ತು ನನಗೆ ಬಲು ಇಷ್ಟ. ಎಷ್ಟೋ ಕಪ್ಪೆಗಳು ಮೊದಲ ಮಳೆಗೇ ಕೂಗೆಬ್ಬಿಸಿ ಸಂಸಾರ ಹೂಡಿ ಮುಗಿಸಿರುತ್ತವೆ. ಕುಣಿಯುವ ಕಪ್ಪೆಗಳು ಮಾತ್ರ ಹಳ್ಳದ ಆರ್ಭಟ ಇಳಿಯಲೆಂದು ಕಾಯುತ್ತವೆ.

ಕೊಟ್ಟಿಗೆಹಾರವೆಂದರೆ ನಮಗೆ ಚಾರ್ಮಾಡಿ ಘಾಟಿ, ನೀರುದೋಸೆ. ಪ್ರಾಣಿಶಾಸ್ತ್ರದಲ್ಲಿ ಆ ಊರಿನ ಹೆಸರನ್ನು ಹೊತ್ತಿರುವುದು ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್ ಎಂಬ ಕುಣಿಯುವ ಕಪ್ಪೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ.ಆರ್. ನಾರಾಯಣ ರಾವ್ 1937ರಲ್ಲಿ ಇದನ್ನು ಮೊದಲ ಬಾರಿಗೆ ವರ್ಣಿಸಿದರು.

ಗಂಡಿನ ಮೈಯುದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ನೆನೆದ ಬಂಡೆಯ ಮೇಲೆ ಕೂತರೆ ಆ ಕಂದು ಮೈ ಕಣ್ಣಿಗೇ ಬೀಳದು. ಬೆರಳ ತುದಿಗಳಲ್ಲಿ ಅಗಲವಾದ ಬಿಲ್ಲೆಗಳಿವೆ. ಪಾಚಿಗಟ್ಟಿದ ಕಲ್ಲಿನ ಮೇಲೂ ಅದು ಜಾರದೆ ನಿಲ್ಲುವುದು ಅವುಗಳ ಬಲದಿಂದ. ಹಿಂಗಾಲಿನ ಬೆರಳುಗಳ ನಡುವೆ ಈಜಲು ಜಾಲಪೊರೆ. ಕೂಗುವಾಗ ಗಂಟಲಿನ ಬಿಳಿ ಚೀಲ ಮಲ್ಲಿಗೆ ಮೊಗ್ಗಿನಂತೆ ಉಬ್ಬುತ್ತದೆ. ಆದರೆ ಹರಿವ ನೀರಿನ ಸದ್ದಿನೆದುರು ಇಷ್ಟು ಚಿಕ್ಕ ಜೀವಿಯ ಕೂಗು ಎಷ್ಟು ದೂರ ಹೋದೀತು? ಅದಕ್ಕೇ ಗಂಡು ಒಂದು ಹಿಂಗಾಲನ್ನು ಹಿಂದಕ್ಕೆ ನೀಳವಾಗಿ ಚಾಚಿ, ಬೆರಳುಗಳನ್ನು ಪೂರ್ತಿ ಅಗಲಿಸಿ, ಮೆಲ್ಲಗೆ ಮಡಚಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಾಲು. ಈ ಬಂಡೆ ನನ್ನದು ಎಂದು ಪಕ್ಕದ ಗಂಡಿಗೆ ಅದು ಸಾರುವುದು ಹೀಗೆ.

ಹೆಣ್ಣಿನ ಕೆಲಸ ಇನ್ನೂ ಬೆರಗಿನದು. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಕುಣಿಯುವ ಕಪ್ಪೆಗಳನ್ನು ಗಮನಿಸಿದ ಕೆ.ವಿ. ಗುರುರಾಜ 2010ರಲ್ಲಿ ಅದನ್ನು ದಾಖಲಿಸಿದರು. ಹೆಣ್ಣು ಆಳವಿಲ್ಲದ ನೀರಿನ ತಳದಲ್ಲಿ ಹಿಂಗಾಲುಗಳಿಂದ ಗುಂಡಿ ತೋಡಿ, ಮೊಟ್ಟೆಯಿಟ್ಟು, ಅದೇ ಕಾಲುಗಳಿಂದ ಮರಳು, ಸಣ್ಣಕಲ್ಲು ಎಳೆದು ಮುಚ್ಚುತ್ತದೆ. ಆಷಾಢದ ರಭಸದಲ್ಲಿ ಇಟ್ಟಿದ್ದರೆ ಆ ಮರಳೇ ಕೊಚ್ಚಿಹೋಗುತ್ತಿತ್ತು. ಕಪ್ಪೆ ಕಾದದ್ದು ಏಕೆಂದು ಈಗ ತಿಳಿಯುತ್ತದೆ.

ಇಂಥ ಬದುಕಿಗೆ ಬೇಕಾದದ್ದು ಮರಗಳ ನೆರಳಿನಲ್ಲಿ ತಣ್ಣಗೆ ಹರಿಯುವ ಗೇಣು ನೀರು. ಮಳೆ ನಿಂತ ಮೇಲೆ ನಾವು ಪೈಪಿಟ್ಟು ಎಳೆಯುವುದೂ ಅದೇ ನೀರನ್ನು. ದಂಡೆಯ ಮರ ಕಡಿದರೆ ಬಿಸಿಲು ಬೀಳುವುದೂ ಅದರ ಮೇಲೆಯೇ. ನಕಾಶೆಯಲ್ಲಿ ಹೆಸರೂ ಇಲ್ಲದ ಹಳ್ಳವೆಂದು ಉದಾಸೀನ ಮಾಡಬಾರದು. ತೋಟಕ್ಕೆ ನೀರು ತಿರುಗಿಸುವಾಗ ಹಳ್ಳದ ಪಾಲನ್ನು ಹಳ್ಳಕ್ಕೇ ಬಿಡಬೇಕು, ದಂಡೆಯ ಮರಗಳನ್ನು ಮುಟ್ಟಬಾರದು. ಈ ಕಪ್ಪೆ ನಮ್ಮಿಂದ ಬೇಡುವುದು ಅಷ್ಟನ್ನೇ.