ಅರಸಾಳಿನಲ್ಲಿ ಇಳಿದು ಸ್ವಾಮಿಯನ್ನು ಓದುವುದು

ಶಿವಮೊಗ್ಗ ಬಿಟ್ಟು ತಾಳಗುಪ್ಪದ ಕಡೆ ಹೊರಟ ರೈಲು ಕುಂಸಿ ದಾಟಿದ ಮೇಲೆ ಸಿಗುವ ಪುಟ್ಟ ನಿಲ್ದಾಣ ಅರಸಾಳು. ಜೋಗಕ್ಕೆ ಹೊರಟವರು ಹಿಂದೆಲ್ಲ ಇದನ್ನು ಕಿಟಕಿಯಿಂದಲೇ ನೋಡಿ ಮುಂದೆ ಹೋಗುತ್ತಿದ್ದರು. ಈಗ ಕೆಲವರು ಬೇಕೆಂದೇ ಇಲ್ಲಿಗೆ ಬರುತ್ತಾರೆ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಗಾಗಿ ರೈಲು ನಿಲ್ದಾಣದ ದೃಶ್ಯಗಳನ್ನು ಚಿತ್ರಿಸಿದ್ದು ಇಲ್ಲಿಯೇ. ಮೀಟರ್‌ಗೇಜ್ ಕಾಲದ ಹಳೆಯ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿದರು. ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಈ ಕೆಲಸಕ್ಕೂ ಕೈಹಾಕಿದರು. ಹಳೆಯ ಬೋಗಿಯೊಂದು ಚಹಾದಂಗಡಿಯಾಗಿ ನಿಂತಿದೆ.

ಬರುವವರಲ್ಲಿ ಐವತ್ತರ ಆಸುಪಾಸಿನವರಿದ್ದರೆ ಗುರುತು ಹಿಡಿಯುವುದು ಸುಲಭ. 1987ರಲ್ಲಿ ದೂರದರ್ಶನದ ಮುಂದೆ ಕೂತಿದ್ದ ಆ ಪೀಳಿಗೆ ಎಲ್. ವೈದ್ಯನಾಥನ್ ಅವರ ರಾಗವನ್ನು ತನಗರಿವಿಲ್ಲದೆಯೇ ಗುನುಗುತ್ತದೆ. ಟೋಪಿಯ ಹುಡುಗ ಮಂಜುನಾಥ್ ನೆನಪಿದ್ದಾನೆ, ಅಪ್ಪನಾಗಿದ್ದ ಗಿರೀಶ್ ಕಾರ್ನಾಡ್ ನೆನಪಿದ್ದಾರೆ. ಪುಸ್ತಕ ಓದಿದ್ದೀರಾ ಎಂದು ಕೇಳಿದರೆ ಮಾತ್ರ ಉತ್ತರ ತಡವಾಗುತ್ತದೆ. ಪರದೆಯ ಮೇಲೆ ನೋಡಿಯಾಗಿದೆಯಲ್ಲ, ಇನ್ನು ಓದುವುದೇನು ಎಂದುಕೊಂಡು ಆರ್.ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯನ್ನು ಬಿಟ್ಟವರು ಬಹಳ. ಬಿಟ್ಟದ್ದೇ ಒಳ್ಳೆಯದಾಯಿತು ಎನ್ನಬಹುದೇನೋ. ಇದು ತಡವಾಗಿ ಓದಿದಷ್ಟೂ ರುಚಿ ಹೆಚ್ಚುವ ಪುಸ್ತಕ.

ಅದರಲ್ಲಿ ಬರುವ ಮಾವಿನಹಣ್ಣಿನ ಲೆಕ್ಕವನ್ನೇ ನೋಡಿ. ರಾಮನ ಬಳಿ ಹತ್ತು ಹಣ್ಣು, ಅವನಿಗೆ ಹದಿನೈದು ಆಣೆ ಬೇಕು. ಕೃಷ್ಣನಿಗೆ ಬೇಕಾದದ್ದು ನಾಲ್ಕೇ ಹಣ್ಣು; ಅವನು ಎಷ್ಟು ಕೊಡಬೇಕು? ಶುದ್ಧ ತ್ರೈರಾಶಿ, ಉತ್ತರ ಆರು ಆಣೆ. ಆದರೆ ಸ್ವಾಮಿಗೆ ಹಣ್ಣು ಕಣ್ಣೆದುರು ಬಂದು ನಿಂತಿದೆ. ಅದು ಮಾಗಿದೆಯೋ ಇಲ್ಲವೋ ತಿಳಿಯದೆ ಬೆಲೆ ಹೇಳುವುದು ಹೇಗೆ? ಅಪ್ಪನ ತಾಳ್ಮೆ ತಪ್ಪುತ್ತದೆ, ಕಿವಿ ಹಿಂಡಿಸಿಕೊಂಡು ಹುಡುಗ ಅಳುತ್ತಾನೆ. ಚಿಕ್ಕಂದಿನಲ್ಲಿ ಓದಿದವರಿಗೆ ಅಪ್ಪ ಬರೀ ಕೋಪಿಷ್ಠ. ಮನೆಯಲ್ಲೋ ತರಗತಿಯಲ್ಲೋ ಹತ್ತಾರು ಕಿವಿ ಹಿಂಡಿದ ಮೇಲೆ ಓದುವವರಿಗೆ ಆ ಕೈ ಯಾರದೆಂದು ಗೊತ್ತಾಗುತ್ತದೆ. ನಗು ಬರುತ್ತದೆ, ಜೊತೆಗೆ ಸ್ವಲ್ಪ ಮುಜುಗರವೂ. ಹುಡುಗ ಕೇಳಿದ್ದು ದಡ್ಡ ಪ್ರಶ್ನೆಯಲ್ಲ ತಾನೆ? ಲೆಕ್ಕದ ಪುಸ್ತಕ ಬಿಟ್ಟುಬಿಟ್ಟ ಒಂದು ನಿಬಂಧನೆಯನ್ನು ಅವನು ಕೇಳುತ್ತಿದ್ದಾನೆ. ಯಾವ ಸಂತೆಯಲ್ಲಾದರೂ ಹಣ್ಣು ಕೊಳ್ಳುವವರು ಮೊದಲು ಕೇಳುವುದು ಅದನ್ನೇ.

ಇಂಥವು ಪುಟಪುಟಕ್ಕೂ ಸಿಗುತ್ತವೆ. ಯೂರೋಪಿನ ನಕಾಶೆ ನೋಡಿ, ಇಷ್ಟು ಸೊಟ್ಟ ನೆಲದ ಮೇಲೆ ಜನ ಹೇಗೆ ಬಾಳುತ್ತಾರೆಂದು ಸ್ವಾಮಿ ಚಿಂತಿಸುತ್ತಾನೆ. ಕ್ರಿಕೆಟ್ ತಂಡ ಕಟ್ಟಿದ ಹುಡುಗರಿಗೆ ಸರ್ಕಾರಕ್ಕೆ ತೆರಿಗೆ ಕಟ್ಟಬೇಕಾದೀತೆಂಬ ಭಯ. ಬ್ಯಾಟಿಗೆ ಮುಂಗಡ ಕೇಳಿ ಮದರಾಸಿನ ಅಂಗಡಿಯಿಂದ ಬಂದ ಕಾಗದವನ್ನು, ಬೇರೆ ಯಾರಿಗೋ ಹೋಗಬೇಕಾದದ್ದು ಎಂದು ಅವರು ವಾಪಸು ಕಳಿಸುತ್ತಾರೆ. ನಡುವೆ ಗಂಭೀರವಾದದ್ದೂ ಇದೆ. ಸರಯೂ ದಂಡೆಯಲ್ಲಿ ಸೇರುವ ಪ್ರತಿಭಟನಾ ಸಭೆಗೆ ಕಾದಂಬರಿಕಾರರು ಕೊಟ್ಟ ತಾರೀಕು 1930ರ ಆಗಸ್ಟ್ 15. ಪುಸ್ತಕ ಅಚ್ಚಾದದ್ದು 1935ರಲ್ಲಿ. ಆ ತಾರೀಕಿಗೆ ಮುಂದೆ ಬರಲಿದ್ದ ಅರ್ಥ ಆಗ ಯಾರಿಗೂ ತಿಳಿದಿರಲಿಲ್ಲ!

ನಾರಾಯಣ್ ಇದನ್ನು ಬರೆಯಲು ಕೂತದ್ದು 1930ರ ವಿಜಯದಶಮಿಯಂದು, ಬೆಂಗಳೂರಿನಲ್ಲಿ. ದಿನ ನೋಡಿಕೊಟ್ಟವರು ಅಜ್ಜಿ. ಮೊದಲು ಮನಸ್ಸಿಗೆ ಬಂದದ್ದು ಒಂದು ಚಿಕ್ಕ ರೈಲು ನಿಲ್ದಾಣವಂತೆ. ಊರು ಅದರ ಸುತ್ತ ಬೆಳೆಯಿತು. ಮುಗಿದ ಹಸ್ತಪ್ರತಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಿಂತಿರುಗಿಸಿದರು. ಬೇಸತ್ತ ನಾರಾಯಣ್, ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಪೂರ್ಣ ಅವರಿಗೆ, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕೆಂದು ಬರೆದರು. ಗೆಳೆಯ ಹೊಳೆಗೆ ಹಾಕದೆ ಗ್ರಹಾಂ ಗ್ರೀನ್ ಕೈಗೆ ಹಾಕಿದರು. ಗ್ರೀನ್ ಪ್ರಕಾಶಕರನ್ನು ಒಪ್ಪಿಸಿದರು. ಈಗಿನ ಹೆಸರು ಸೂಚಿಸಿದವರೂ ಅವರೇ.

ಒಂದು ಮಾತು ಹೇಳಲೇಬೇಕು: ಅರಸಾಳು ನಿಜವಾದ ಮಾಲ್ಗುಡಿಯಲ್ಲ. ಮಾಲ್ಗುಡಿ ಯಾವ ನಕಾಶೆಯಲ್ಲೂ ಇಲ್ಲ. ಪುಸ್ತಕದಲ್ಲಿರುವುದು ಉರಿಬಿಸಿಲಿನ ಬೀದಿಗಳು. ಇಲ್ಲಿರುವುದು ಮಲೆನಾಡಿನ ಮಳೆ, ಹಸಿರು. ನಾರಾಯಣ್ ಬಾಳಿದ ಊರು ಮೈಸೂರು. ಅವರ ತಂದೆ ಅಲ್ಲಿ ಹೆಡ್‌ಮಾಸ್ತರರಾಗಿದ್ದರು. ಯಾದವಗಿರಿಯ ಮನೆಯನ್ನು 2011ರಲ್ಲಿ ಕೆಡವಲು ತೊಡಗಿದ್ದನ್ನು ತಡೆದು, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು. ಅದನ್ನು ನೋಡಿಕೊಂಡು ಅರಸಾಳಿನ ದಾರಿ ಹಿಡಿಯುವುದು ಒಳ್ಳೆಯ ಕ್ರಮ. ಮೈಸೂರಿನಿಂದ ತಾಳಗುಪ್ಪಕ್ಕೆ ನೇರ ರೈಲಿದೆ. ಪುಸ್ತಕ ದಪ್ಪದ್ದಲ್ಲ, ಮೈಸೂರು ಬಿಡುವಾಗ ಬಿಚ್ಚಿದರೆ ಶಿವಮೊಗ್ಗ ದಾಟುವ ಹೊತ್ತಿಗೆ ಕೊನೆಯ ಅಧ್ಯಾಯ ಬಂದಿರುತ್ತದೆ.

ಆ ಅಧ್ಯಾಯ ನಡೆಯುವುದೂ ಪ್ಲಾಟ್‌ಫಾರಂ ಮೇಲೆ. ಪೊಲೀಸ್ ಅಧಿಕಾರಿಯ ಮಗ ರಾಜಂ, ಅಪ್ಪನಿಗೆ ವರ್ಗವಾಗಿ ಊರು ಬಿಡುತ್ತಿದ್ದಾನೆ. ಪಂದ್ಯಕ್ಕೆ ಬಾರದ ಸ್ವಾಮಿಯೊಡನೆ ಅವನು ಮಾತು ಬಿಟ್ಟಿದ್ದಾನೆ. ರೈಲು ಚಲಿಸುವಾಗ ಸ್ವಾಮಿ ಕಾಣಿಕೆಯ ಪುಸ್ತಕವೊಂದನ್ನು ಹೇಗೋ ಅವನಿಗೆ ತಲುಪಿಸುತ್ತಾನೆ. ರಾಜಂ ಕಾಗದ ಬರೆಯುತ್ತಾನೆಯೇ ಎಂಬ ಪ್ರಶ್ನೆಗೆ ಮಣಿ ಏನೋ ಉತ್ತರ ಕೊಡುತ್ತಾನೆ. ಅದು ನಿಜವೋ, ಬರೀ ಸಮಾಧಾನದ ಮಾತೋ, ಕಾದಂಬರಿ ಬಿಡಿಸಿ ಹೇಳುವುದಿಲ್ಲ. ಹತ್ತು ವರ್ಷದ ಓದುಗನಿಗೆ ಮಾತ್ರ ಕಾಗದ ಬಂದೇ ಬರುತ್ತದೆ.