ಕಾಯುವ ಕೈ

2021ರ ಮೇ ತಿಂಗಳಿನಲ್ಲಿ ನಮ್ಮಣ್ಣನವರು ಕೊರೋನಾ ಜ್ವರದಿಂದ ಆಸ್ಪತ್ರೆಯನ್ನು ಸೇರಿದರು. ಕೆಲವು ದಿನಗಳಲ್ಲಿ ಅವರಿಗೆ ಆಮ್ಲಜನಕವನ್ನು ಕೊಡಬೇಕಾಯಿತು. ಅದರೊಡನೆ ಡೆಕ್ಸಾಮೆಥಸೋನ್ ಎಂಬ ಔಷಧವನ್ನೂ ಕೊಡುತ್ತಿರುವರೆಂದು ತಿಳಿದು, ಅದರ ಗುಣವೇನೆಂದು ದೂರವಾಣಿಯಲ್ಲಿ ವಿಚಾರಿಸಿದೆನು. “ದೇಹದ ರೋಗನಿರೋಧಕ ಶಕ್ತಿಯ ಆವೇಗವನ್ನು ತಗ್ಗಿಸುತ್ತದೆ, ಮೇಷ್ಟ್ರೇ” ಎಂದರು ತರುಣ ವೈದ್ಯರು. ನಾನು ಕೆರಳಿದೆನು. “ಶತ್ರುವು ಕೋಟೆಯ ಬಾಗಿಲಿನಲ್ಲಿರುವಾಗ ನಮ್ಮ ಸೈನಿಕರ ಆಯುಧವನ್ನೇ ಕಸಿದುಕೊಳ್ಳುವುದು ಯಾವ ಶಾಸ್ತ್ರ, ಸ್ವಾಮಿ?” ಎಂದುಬಿಟ್ಟೆನು. ಉತ್ತರ ಹೇಳುವಷ್ಟು ಬಿಡುವು ಅವರಿಗಿರಲಿಲ್ಲ. ಐದನೆಯ ದಿನ ಅಣ್ಣನವರು ತೀರಿಕೊಂಡರು. ಔಷಧವೇ ಅವರನ್ನು ಕೊಂದಿತೋ ಎಂಬ ಸಂಶಯವು ಬಹುಕಾಲ ನನ್ನ ಮನಸ್ಸಿನಲ್ಲಿ ಮುಳ್ಳಾಗಿ ನಿಂತಿದ್ದಿತು.

ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನೋದಿ, ಮಕ್ಕಳಿಗೆ ಸಂಸ್ಕೃತವನ್ನು ಹೇಳಿಕೊಟ್ಟು ನಿವೃತ್ತನಾದ ನನಗೆ ಜೀವಶಾಸ್ತ್ರದ ಪರಿಚಯ ಅಷ್ಟಕ್ಕಷ್ಟೆ. ಆದರೂ ಸಂಶಯವನ್ನು ಹಾಗೆಯೇ ಇಟ್ಟುಕೊಂಡಿರಲಾರದೆ, ಗ್ರಂಥಾಲಯದಲ್ಲಿ ದೊರೆತುದನ್ನು ಓದತೊಡಗಿದೆನು. ಹಾಗೆ ಓದುತ್ತಿರಲು ಪೀಟರ್ ಡೊಹರ್ಟಿಯವರ ಪರಿಚಯವಾಯಿತು.

ಇವರು 1940ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿ ಹುಟ್ಟಿದವರು. ಓದಿದುದು ಪಶುವೈದ್ಯ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ, ಉಣುಗಿನ ಕಡಿತದಿಂದ ಕುರಿಗಳ ಮೆದುಳಿಗೆ ತಗಲುವ ಒಂದು ರೋಗವನ್ನು ಪರಿಶೋಧಿಸಿ 1970ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. (1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯ ವೈರಾಣುವೂ ಅದೇ ಕುಲದ್ದು.) ಬಳಿಕ ಸ್ವದೇಶಕ್ಕೆ ಹಿಂದಿರುಗಿ ಕ್ಯಾನ್‌ಬೆರಾದ ಜಾನ್ ಕರ್ಟಿನ್ ಸಂಶೋಧನಾಲಯವನ್ನು ಸೇರಿದರು. 1973ರಲ್ಲಿ ಸ್ವಿಟ್ಸರ್ಲೆಂಡಿನ ರಾಲ್ಫ್ ಜಿಂಕರ್‌ನಾಗೆಲ್ ಎಂಬ ತರುಣ ವೈದ್ಯರು ಅಲ್ಲಿ ಇವರ ಜೊತೆಗಾರರಾದರು.

ಇಬ್ಬರೂ ಪರೀಕ್ಷೆಗೆ ತೆಗೆದುಕೊಂಡುದು ಸುಂಡಿಲಿಗಳ ಮೆದುಳಿನ ಪೊರೆಗೆ ಉರಿಯೂತವನ್ನುಂಟುಮಾಡುವ ಒಂದು ವೈರಾಣುವನ್ನು. ಇದರ ನಡತೆ ವಿಚಿತ್ರ. ಇದನ್ನು ಮೆದುಳಿಗೆ ಹೊಗಿಸಿದರೆ ಆರೋಗ್ಯವುಳ್ಳ ಬೆಳೆದ ಇಲಿಯು ಸಾಯುತ್ತದೆ. ನಿರೋಧಕ ಶಕ್ತಿಯನ್ನು ಕುಂದಿಸಿದ ಇಲಿಯು ಬದುಕಿಕೊಳ್ಳುತ್ತದೆ! ಏಕೆಂದರೆ ಈ ವೈರಾಣುವು ತಾನಾಗಿ ಜೀವಕೋಶಗಳನ್ನು ಅಷ್ಟಾಗಿ ಕೆಡಿಸದು. ಅದು ಹೊಕ್ಕ ಕೋಶಗಳನ್ನು ನಾಶಮಾಡಲು ಧಾವಿಸುವ ಟಿ ಕೋಶಗಳೆಂಬ ಕಾವಲುಗಾರರಿಂದಲೇ ಇಲಿಗೆ ಮರಣ. ಇದನ್ನೋದಿದಾಗ ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತೆನು.

ಈ ಕಾವಲುಗಾರರು ಗುರಿಯನ್ನು ಗುರುತಿಸುವುದು ಹೇಗೆ? ರೋಗ ತಗಲಿದ ಇಲಿಯ ಟಿ ಕೋಶಗಳು ತಮ್ಮದೇ ತಳಿಯ, ವೈರಾಣು ಹೊಕ್ಕ ಕೋಶಗಳನ್ನು ಕೊಂದವು. ಬೇರೆ ತಳಿಯ ಕೋಶಗಳನ್ನು, ಅದೇ ವೈರಾಣು ಹೊಕ್ಕಿದ್ದರೂ, ಮುಟ್ಟಲಿಲ್ಲ. ತರ್ಕದಲ್ಲಿ ಸಾಮಾನಾಧಿಕರಣ್ಯವೆಂಬ ಮಾತುಂಟು; ಎರಡು ಧರ್ಮಗಳು ಒಂದೇ ಆಶ್ರಯದಲ್ಲಿರುವುದು ಎಂದರ್ಥ. ಇಲ್ಲಿಯೂ ಹಾಗೆಯೇ. ‘ತನ್ನದು’ ಎಂಬ ಮುದ್ರೆಯೂ ‘ಪರರದು’ ಎಂಬ ಕುರುಹೂ ಒಂದೇ ಕೋಶದ ಮೇಲೆ ಕೂಡಿ ಕಂಡರೆ ಮಾತ್ರ ಟಿ ಕೋಶವು ಕೈಯೆತ್ತುತ್ತದೆ. ಅದುವರೆಗೆ ಆ ಮುದ್ರೆಗಳು ಮುಖ್ಯವಾಗಿ ಅಂಗಗಳ ಕಸಿಗೆ ಅಡ್ಡಿಯೆಂದೇ ಪ್ರಸಿದ್ಧವಾಗಿದ್ದುವು. ಅವುಗಳ ನಿಜವಾದ ಪ್ರಯೋಜನವು ಆಗ ಬೆಳಕಿಗೆ ಬಂದಿತು. 1974ರಲ್ಲಿ ಪ್ರಕಟವಾದ ಈ ಶೋಧನೆಗಾಗಿ 1996ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕವು ಸಂದಿತು. ಪಶುವೈದ್ಯರೊಬ್ಬರಿಗೆ ಆ ಗೌರವವು ದೊರೆತುದು ಅದೇ ಮೊದಲು. ಡೊಹರ್ಟಿಯವರು ಅಮೆರಿಕದ ಮೆಂಫಿಸ್ ನಗರದಲ್ಲಿ ಇನ್‌ಫ್ಲುಯೆಂಜಾ ಜ್ವರವನ್ನು ಕುರಿತು ಇದೇ ವಿಚಾರವನ್ನು ಮುಂದುವರಿಸಿದರು. ಮೆಲ್ಬರ್ನಿನಲ್ಲಿ ಅವರ ಹೆಸರಿನಿಂದ ನಡೆಯುವ ಸಂಸ್ಥೆಯೇ 2020ರ ಜನವರಿಯಲ್ಲಿ, ಚೀನಾದ ಹೊರಗೆ ಮೊತ್ತಮೊದಲಾಗಿ ಕೊರೋನಾ ವೈರಾಣುವನ್ನು ಬೆಳೆಸಿ ಇತರರಿಗೆ ಹಂಚಿತು.

ಇನ್ನು ನನ್ನ ಮುಳ್ಳಿನ ಮಾತು. ಕೊರೋನಾ ಉಲ್ಬಣಿಸಿದಾಗ ಶ್ವಾಸಕೋಶವನ್ನು ಕೆಡಿಸುವುದರಲ್ಲಿ ದೇಹದ ಸ್ವಂತ ರಕ್ಷಣಾವೇಗಕ್ಕೂ ದೊಡ್ಡ ಪಾಲುಂಟು. 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯಲ್ಲಿ ಡೆಕ್ಸಾಮೆಥಸೋನ್, ಆಮ್ಲಜನಕದ ಮೇಲಿದ್ದ ರೋಗಿಗಳ ಮರಣಗಳನ್ನು ಸುಮಾರು ಐದರಲ್ಲೊಂದು ಪಾಲು ತಗ್ಗಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಎಂದರೆ ಆ ತರುಣರು ಕೊಟ್ಟುದು ತಕ್ಕ ಔಷಧವನ್ನು, ತಕ್ಕ ಸಮಯದಲ್ಲಿ. ಸಾಯಬೇಕಾದ ಐವರಲ್ಲಿ ಒಬ್ಬರು ಉಳಿದರು. ನಮ್ಮಣ್ಣನವರು ಉಳಿದ ನಾಲ್ವರಲ್ಲಿ ಸೇರಿದರು.

ಕೋಪವೂ ಒಂದು ಕಾವಲೇ; ಅದೂ ಗುರುತು ತಪ್ಪಿದರೆ ತನ್ನವರ ಮೇಲೆಯೇ ಕೈಮಾಡುತ್ತದೆ. ನಾನು ಆ ವೈದ್ಯರಿಗೆ ಕ್ಷಮೆ ಬೇಡಿ ಕಾಗದ ಬರೆದೆನು. ಎರಡು ಸಾಲಿನ ಉತ್ತರ ಬಂದಿತು: “ಆ ತಿಂಗಳು ಅನೇಕರು ಹಾಗೆಯೇ ಕೇಳಿದರು, ಮೇಷ್ಟ್ರೇ; ತಮ್ಮ ಮಾತು ಯಾವುದೆಂದು ನೆನಪಿಲ್ಲ. ಮನೆಯವರೆಲ್ಲ ಕ್ಷೇಮವೇ?”