ಕಲಿಸಲು ಬಂದವರು

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ಹಿರಿಯರ ಮಾತು. ದೇಶ ಸುತ್ತುವವರು ಹಲವರು. ಸುತ್ತಿದ ದೇಶದ ಅಂತರಂಗವನ್ನು ಅರಿಯುವವರು ಕೆಲವರು. ಪರದೇಶಕ್ಕೆ ಪಾಠ ಹೇಳಲು ಹೋಗಿ, ಅಲ್ಲಿ ತಾವೇ ವಿದ್ಯಾರ್ಥಿಯಾಗಿ, ಕಡೆಗೆ ಆ ನೆಲದ ಮಗನೇ ಆಗಿಹೋದ ಅಧ್ಯಾಪಕರೊಬ್ಬರಿದ್ದರು. ಅವರೇ ಲಫ್ಕಾಡಿಯೊ ಹರ್ನ್.

ಹರ್ನ್ ಹುಟ್ಟಿದ್ದು 1850ರಲ್ಲಿ, ಇಂದು ಗ್ರೀಸಿಗೆ ಸೇರಿರುವ ಲೆಫ್ಕಾಡ ದ್ವೀಪದಲ್ಲಿ. ತಾಯಿ ಗ್ರೀಕ್ ಮಹಿಳೆ; ತಂದೆ ಬ್ರಿಟಿಷ್ ಸೈನ್ಯದಲ್ಲಿದ್ದ ಐರಿಷ್ ವೈದ್ಯ. ಬಾಲಕನಿಗೆ ನಾಲ್ಕು ವರ್ಷವಾದಾಗ ತಾಯಿ ಅವನನ್ನು ಐರ್ಲೆಂಡಿನಲ್ಲಿ ಬಂಧುಗಳ ಬಳಿ ಬಿಟ್ಟು ಸ್ವದೇಶಕ್ಕೆ ಹೊರಟುಹೋದಳು. ತಾಯಿಮಕ್ಕಳು ಮತ್ತೆ ಒಬ್ಬರನ್ನೊಬ್ಬರು ಕಾಣಲಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಆಟವಾಡುವಾಗ ಪೆಟ್ಟು ಬಿದ್ದು ಎಡಗಣ್ಣು ಕುರುಡಾಯಿತು. ಹತ್ತೊಂಬತ್ತರಲ್ಲಿ ಬರಿಗೈಯಲ್ಲಿ ಅಮೆರಿಕ ಸೇರಿ, ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆದರು. ತಮ್ಮದೆಂದು ಹೇಳಿಕೊಳ್ಳುವ ಮನೆಯಾಗಲಿ ಊರಾಗಲಿ ಅವರಿಗೆ ಇರಲಿಲ್ಲ.

1890ರ ಏಪ್ರಿಲಿನಲ್ಲಿ ಹರ್ನ್ ಪತ್ರಿಕಾ ಲೇಖಕರಾಗಿ ಜಪಾನಿಗೆ ಬಂದಿಳಿದರು. ಆ ಕೆಲಸ ಬಹುದಿನ ನಿಲ್ಲಲಿಲ್ಲ. ಅದೇ ವರ್ಷ ಮಾತ್ಸುಯೆ ಎಂಬ ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಉದ್ಯೋಗ ದೊರೆಯಿತು.

ಶಿಂಜಿ ಸರೋವರದ ದಡದಲ್ಲಿರುವ ಮಾತ್ಸುಯೆ ಹಳೆಯ ಕೋಟೆಯ ಊರು. ಅಲ್ಲಿ ಬೆಳಗಾಗುತ್ತಿದ್ದುದು ಅಕ್ಕಿ ಕುಟ್ಟುವ ಸದ್ದಿನೊಡನೆ. ಬಳಿಕ ದೇವಾಲಯದ ಗಂಟೆ, ತರಕಾರಿ ಮಾರುವವರ ಕೂಗು. ಹೊಳೆಯ ದಡದಲ್ಲಿ ನಿಂತ ಜನರು ಉದಯಸೂರ್ಯನಿಗೆ ಚಪ್ಪಾಳೆ ತಟ್ಟಿ ನಮಿಸುತ್ತಿದ್ದರು. ಹೊಸಬರು ಗಮನಿಸದೆ ಬಿಡುವ ಇಂತಹ ಸಂಗತಿಗಳನ್ನು ಹರ್ನ್ ಕಿವಿಗೊಟ್ಟು ಕೇಳಿದರು, ಬರೆದಿಟ್ಟರು. ದೃಷ್ಟಿ ಮಂದವಾಗಿ, ಪುಸ್ತಕವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಓದಬೇಕಾಗಿದ್ದ ಅವರಿಗೆ ಕಿವಿಯೇ ಎರಡನೆಯ ಕಣ್ಣಾಗಿತ್ತು.

ರಜೆ ಬಂದರೆ ಪ್ರಯಾಣ. ಆ ಸೆಪ್ಟೆಂಬರಿನಲ್ಲಿ ಸರೋವರವನ್ನು ದಾಟಿ ಇಜುಮೊ ಪ್ರಾಂತದ ಪುರಾತನ ಮಹಾಮಂದಿರಕ್ಕೆ ಹೋದರು. ಪಾಶ್ಚಾತ್ಯರಿಗೆ ಅದುವರೆಗೆ ದೊರೆಯದಿದ್ದ ಒಳಗಿನ ಪ್ರವೇಶ ಅವರಿಗೆ ದೊರೆಯಿತು. ವಿನಯದಿಂದ ಬಂದವನಿಗೆ ಬಾಗಿಲು ತೆರೆಯದೆ ಇದ್ದೀತೆ?

ತರಗತಿಯಲ್ಲಿ ಹರ್ನ್ ಮಕ್ಕಳಿಂದ ಪ್ರಬಂಧಗಳನ್ನು ಬರೆಯಿಸುತ್ತಿದ್ದರು. ಮನುಷ್ಯರು ಬಹುಕಾಲ ನೆನಪಿಡುವುದು ಏನನ್ನು ಎಂಬುದು ಒಮ್ಮೆ ಕೊಟ್ಟ ವಿಷಯ. ತನಗೆ ನಾಲ್ಕು ವರ್ಷವಾಗಿದ್ದಾಗ ಚಳಿಗಾಲದ ಒಂದು ದಿನ ತಾಯಿ ತೀರಿಕೊಂಡದ್ದನ್ನು ಹುಡುಗನೊಬ್ಬ ಅರೆಬರೆ ಇಂಗ್ಲಿಷಿನಲ್ಲಿ ಬರೆದ. ಅದೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡಿದ್ದ ಗುರುವಿಗೆ ಆ ಬರಹದಲ್ಲಿ ವ್ಯಾಕರಣದ ತಪ್ಪುಗಳಷ್ಟೇ ಕಂಡಿರಲಾರವು. ಆ ಪ್ರಬಂಧವನ್ನು ಅವರು ತಮ್ಮ ಗ್ರಂಥದಲ್ಲಿ ಸೇರಿಸಿ ಉಳಿಸಿದರು.

ಮಾತ್ಸುಯೆಯಲ್ಲಿಯೇ ಹರ್ನ್ ಅವರಿಗೆ ಮನೆಯೂ ದೊರೆಯಿತು. ಬಡತನಕ್ಕೆ ಇಳಿದಿದ್ದ ಸಮುರಾಯ್ ಮನೆತನದ ಸೆತ್ಸು ಅವರ ಬಾಳಸಂಗಾತಿಯಾದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಸರಿಯಾಗಿ ಬಾರದು. ಇಬ್ಬರೂ ಸೇರಿ ತಮಗಷ್ಟೇ ಅರ್ಥವಾಗುವ ಮುರುಕು ಜಪಾನಿ ಭಾಷೆಯೊಂದನ್ನು ಕಟ್ಟಿಕೊಂಡರು. ಸೆತ್ಸು ಹಳೆಯ ಕಥೆಗಳನ್ನು ಹೇಳುವರು. ಪುಸ್ತಕ ನೋಡಿ ಓದಬಾರದು, ನಿನ್ನ ಮಾತಿನಲ್ಲೇ ಹೇಳಬೇಕು ಎಂಬುದು ಹರ್ನ್ ಅವರ ಕೋರಿಕೆ. ಅಂತಹ ಕಥೆಗಳಿಂದ 1904ರಲ್ಲಿ ‘ಕ್ವೈದಾನ್’ ಎಂಬ ಪ್ರಸಿದ್ಧ ಸಂಗ್ರಹ ಮೂಡಿತು.

ಆ ಊರಿನ ಚಳಿ ಹರ್ನ್ ಅವರ ದೇಹಕ್ಕೆ ಒಗ್ಗಲಿಲ್ಲ. 1891ರ ನವೆಂಬರಿನಲ್ಲಿ ಕುಮಾಮೊತೊ ನಗರಕ್ಕೆ ಹೊರಟು ನಿಂತಾಗ, ವಿದ್ಯಾರ್ಥಿಗಳು ಮನೆಗೆ ಬಂದು ದೋಣಿಕಟ್ಟೆಯವರೆಗೂ ಜೊತೆಯಲ್ಲಿ ನಡೆದರು. ಅವರು ಅಲ್ಲಿದ್ದುದು ಹದಿನೈದು ತಿಂಗಳಿಗೂ ಕಡಮೆ.

ಮಗ ಹುಟ್ಟಿದ ಮೇಲೆ ಹೊಸ ಚಿಂತೆ ಮೂಡಿತು. ತಾವು ವಿದೇಶಿಯಾಗಿಯೇ ಉಳಿದರೆ ತಮ್ಮ ಕಾಲಾನಂತರ ಹೆಂಡತಿ ಮಕ್ಕಳ ಗತಿಯೇನು? 1896ರಲ್ಲಿ ಹರ್ನ್ ಜಪಾನಿನ ಪ್ರಜೆಯಾದರು; ಹೆಂಡತಿಯ ಮನೆತನದ ಹೆಸರನ್ನೇ ಧರಿಸಿ ಕೊಯಿಜುಮಿ ಯಾಕುಮೊ ಎನಿಸಿಕೊಂಡರು. ಯಾಕುಮೊ ಎಂದರೆ ಎಂಟು ಮೋಡಗಳು; ಇಜುಮೊ ಪ್ರಾಂತದ ಪ್ರಾಚೀನ ಕಾವ್ಯದೊಡನೆ ಬೆಸೆದ ಮಾತು ಅದು. ಅಂದಿನಿಂದ ಅವರು ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿದರು. 1903ರಲ್ಲಿ ಆ ಉದ್ಯೋಗ ಕೈತಪ್ಪಿತು. ಅವರನ್ನು ಉಳಿಸಿಕೊಳ್ಳಬೇಕೆಂದು ವಿದ್ಯಾರ್ಥಿಗಳು ಒತ್ತಾಯಿಸಿದರೂ ಫಲವಾಗಲಿಲ್ಲ. ಮನೆಯವರಿಗಾಗಿ ಒಂದು ನಾಡನ್ನು ಒಪ್ಪಿಕೊಂಡವರು ಆ ನಾಡಿನಲ್ಲಿ ಅನುಭವಿಸಿದ ನೋವು ಅದು. ಆದರೂ ಅವರು ಆ ನೆಲವನ್ನು ಬಿಟ್ಟು ಹೋಗಲಿಲ್ಲ. 1904ರ ಸೆಪ್ಟೆಂಬರ್ 26ರಂದು, ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಟೋಕಿಯೊದಲ್ಲೇ ಕಣ್ಣು ಮುಚ್ಚಿದರು.

ಮಾತ್ಸುಯೆಯಲ್ಲಿ ಹರ್ನ್ ಬಾಳಿದ ಮನೆಯನ್ನೂ ಅದರ ಪುಟ್ಟ ತೋಟವನ್ನೂ ಊರವರು ಕಾಪಾಡಿಕೊಂಡು ಬಂದಿದ್ದಾರೆ. ಪಕ್ಕದಲ್ಲಿ ಅವರ ಸ್ಮಾರಕ ವಸ್ತುಸಂಗ್ರಹಾಲಯವಿದೆ. ಮನುಷ್ಯರು ಬಹುಕಾಲ ನೆನಪಿಡುವುದು ಏನನ್ನು ಎಂದು ಅಂದು ಮಕ್ಕಳನ್ನು ಕೇಳಿದ ಗುರುವನ್ನು ಆ ಊರು ಇಂದಿಗೂ ಮರೆತಿಲ್ಲ.